ಮದುಮಗನನ್ನು ಕರೆಯಲು ಅಬುಧಾಬಿಗೆ

ಮಂಗಳೂರು

ಗಲ್ಫಿಗೆ ಜನ ಕೆಲಸಕ್ಕೆ ಹೋಗುತ್ತಾರೆ, ಮಗಳ ಬಾಣಂತನಕ್ಕೆ ಹೋಗುತ್ತಾರೆ, ಈಚೀಚೆಗೆ ಎತ್ತರದ ಕಟ್ಟಡದ ಕೆಳಗೆ ನಿಂತು ಫೋಟೊ ತೆಗೆಸಿಕೊಳ್ಳಲೂ ಹೋಗುತ್ತಾರೆ. ನಾನು ಹೋದದ್ದು ತೀರಿಕೊಂಡ ನನ್ನ ಅಣ್ಣನನ್ನು ಮದುವೆಗೆ ಕರೆದುಕೊಂಡು ಬರಲು. ವಿಮಾನ ನಿಲ್ದಾಣದಲ್ಲಿ ಸಮವಸ್ತ್ರದ ಹುಡುಗಿ "ಯಾಕೆ ಹೋಗುತ್ತಿದ್ದೀರಿ?" ಎಂದು ಕೇಳಿದಾಗ ನಿಜ ಹೇಳಿದ್ದರೆ ವಿಮಾನ ನನ್ನನ್ನು ಬಿಟ್ಟೇ ಹೊರಡುತ್ತಿತ್ತು. "ಊರು ನೋಡಲಿಕ್ಕೆ" ಎಂದೆ.

ಓದುವವರಿಗೆ ತಲೆಬುಡ ತಿಳಿಯಬೇಕಲ್ಲ, ಹೇಳುತ್ತೇನೆ. ನಮ್ಮ ತುಳುನಾಡಿನಲ್ಲಿ ಮದುವೆಯಾಗದೆ ಸತ್ತವರಿಗೂ ಮದುವೆ ಮಾಡುವ ಕ್ರಮವಿದೆ. ಸತ್ತವರನ್ನು ನಾವು ಕುಲೆ ಎನ್ನುತ್ತೇವೆ. ಕುಲೆಗೂ ವಯಸ್ಸಾಗುತ್ತದೆ, ಅದಕ್ಕೂ ಸಂಸಾರ ಬೇಕೆನಿಸುತ್ತದೆ, ಸಿಗದಿದ್ದರೆ ಬದುಕಿರುವವರ ಕಾಲಿಗೆ ತೊಡರುತ್ತದೆ ಎಂದು ನಂಬಿಕೆ. ಆಗ ಇನ್ನೊಂದು ಮನೆಯಲ್ಲಿ ಹಾಗೆಯೇ ತೀರಿಕೊಂಡ ಹುಡುಗಿಯನ್ನು ಹುಡುಕಿ, ಜಾತಿ ನೋಡಿ, ಬಳಿ ಅಂದರೆ ಗೋತ್ರ ನೋಡಿ, ಮಾತುಕತೆ ನಡೆಸಿ, ಮಳೆಗಾಲದ ಆಟಿ ತಿಂಗಳಲ್ಲಿ ಎರಡು ಮಣೆಗಳ ಮೇಲೆ ಸೀರೆ, ಪಂಚೆ ಇಟ್ಟು ಧಾರೆ ಎರೆಯುತ್ತಾರೆ. ಊಟಕ್ಕೆ ಪಾಯಸವೂ ಇರುತ್ತದೆ.

ನನ್ನ ಅಕ್ಕನ ಮಗ ಪ್ರದೀಪನಿಗೆ ಹೆಣ್ಣು ಕೂಡಿಬರುತ್ತಿರಲಿಲ್ಲ. ಬಂದ ಸಂಬಂಧಗಳೆಲ್ಲ ಇನ್ನೇನು ಆಯಿತು ಎನ್ನುವಾಗ ಮುರಿಯುತ್ತಿದ್ದವು. ಅಕ್ಕ ತೀರಿಕೊಂಡಿದ್ದಾಳೆ. ಅವಳ ಮಗಳು ಶ್ವೇತಾ ಗಂಡನ ಜೊತೆ ದುಬೈಯಲ್ಲಿದ್ದಾಳೆ. ಅಲ್ಲಿಂದಲೇ ಫೋನ್ ಮಾಡಿ ಊರಿನ ಜೋಯಿಸರಲ್ಲಿ ಪ್ರಶ್ನೆ ಇಡಿಸಿದಳು. ಕವಡೆ ಹೇಳಿದ್ದು ಇಷ್ಟು: ಕಡಲಾಚೆ ಮದುವೆಯಾಗದೆ ಮಣ್ಣಾದ ಸೋದರಮಾವನೊಬ್ಬ ತಡೆದು ನಿಂತಿದ್ದಾನೆ, ಅವನದು ಆಗದೆ ಅಳಿಯನದು ಆಗುವುದಿಲ್ಲ.

ಆ ಸೋದರಮಾವ ನನ್ನ ಶೇಖರಣ್ಣ. ಅಬುಧಾಬಿಯಲ್ಲಿ ಎಣ್ಣೆ ಸಿಕ್ಕ ಹೊಸತರಲ್ಲಿ ಮುಂಬೈಯಿಂದ ಲಾಂಚ್ ಹತ್ತಿ ಹೋದವರಲ್ಲಿ ಒಬ್ಬ. ನಾನಾಗ ಏಳನೇ ತರಗತಿ. ಹೋದ ಕೆಲವೇ ವರ್ಷಗಳಲ್ಲಿ ಜ್ವರದಿಂದ ತೀರಿಕೊಂಡನೆಂದು ತಂತಿ ಬಂತು. ಅಲ್ಲಿ ಸುಡುವ ವ್ಯವಸ್ಥೆ ಇರಲಿಲ್ಲವಂತೆ, ಪರದೇಶದವರಿಗೆಂದು ಬಿಟ್ಟಿದ್ದ ಸ್ಮಶಾನದಲ್ಲಿ ಹೂತರು ಎಂದು ಆಮೇಲೆ ಯಾರೋ ಬಂದು ಹೇಳಿದರು. ಅಮ್ಮ ಸಾಯುವವರೆಗೂ "ನನ್ನ ಮಗನಿಗೆ ಬೆಂಕಿಯೂ ಸಿಗಲಿಲ್ಲ" ಎನ್ನುತ್ತಿದ್ದಳು.

ಕುಲೆಯನ್ನು ಒಡಹುಟ್ಟಿದವರೇ ಹೋಗಿ ಕರೆಯಬೇಕು. ಉಳಿದಿರುವವಳು ನಾನೊಬ್ಬಳೇ. ಅಂಚೆ ಕಚೇರಿಯಿಂದ ನಿವೃತ್ತಳಾಗಿ ಮೂಲ್ಕಿಯಲ್ಲಿ ಒಂದು ಬಾಡಿಗೆ ಮನೆಯ ಮಹಡಿಯಲ್ಲಿದ್ದೇನೆ. ಮದುವೆಯಾಗಿಲ್ಲ. ನನ್ನ ಮದುವೆಗೆಂದು ಯಾರೂ ಕವಡೆ ಹಾಕಿಸಲಿಲ್ಲ. ಬದುಕಿರುವವರ ಮದುವೆ ಆಗದಿದ್ದರೆ ಯಾರಿಗೂ ಕಾಟವಿಲ್ಲ ನೋಡಿ.

ಹೆಣ್ಣು ಆಗಲೇ ಗೊತ್ತಾಗಿತ್ತು. ಕಿನ್ನಿಗೋಳಿ ಕಡೆಯ ಮನೆ, ಮಗುವಾಗಿದ್ದಾಗ ಕಾಮಾಲೆಯಲ್ಲಿ ಹೋದವಳು. ಹೆಣ್ಣಿನ ಅಣ್ಣ "ಹುಡುಗ ಗಲ್ಫಿನಲ್ಲಿದ್ದವನಾ?" ಎಂದು ಕೇಳಿ ಖುಷಿಪಟ್ಟರಂತೆ. ಸತ್ತು ಐವತ್ತು ವರ್ಷ ಕಳೆದರೂ ಗಲ್ಫ್ ಹುಡುಗನಿಗೆ ಬೇಡಿಕೆ ಇದೆ ಎಂದು ನನಗೆ ನಗು ಬಂತು.

ನಮ್ಮ ಗುರಿಕಾರರು, ಅಂದರೆ ಸಮುದಾಯದ ಹಿರಿಯರು, ಕ್ರಮ ಹೇಳಿಕೊಟ್ಟರು. ಅಲ್ಲಿ ನಿಂತು ಮೂರು ಸಲ ಕರೆಯಬೇಕು, ಮದುವೆಗೆ ಬಾ ಎನ್ನಬೇಕು, ಹಿಂತಿರುಗಿ ನೋಡದೆ ಬರಬೇಕು. ಹಿಂದೆಯೇ ಬರುತ್ತಾನೆ. ಆಮೇಲೆ ಇನ್ನೆರಡು ಮಾತು ಹೇಳಿದರು. ಕುಲೆ ಮದುವೆಯನ್ನು ಮಕ್ಕಳೂ ಮದುವೆಯಾಗದವರೂ ನೋಡುವಂತಿಲ್ಲ, ಹಾಗಾಗಿ ಆ ದಿನ ನೀನು ಒಳಗೆ ಬರಬೇಡ. ಮದುವೆಯಾದ ಮೇಲೆ ಅವನು ಹಿರಿಯರ ಸಾಲಿಗೆ ಸೇರಿದ ಹಾಗೆ, ಮತ್ತೆ ಅವನನ್ನು ಕರೆಯುವುದು, ಮಾತಾಡಿಸುವುದು ಮಾಡಬೇಡ.

ಮೊದಲನೆಯದನ್ನು ನುಂಗಿಕೊಂಡೆ. ಎರಡನೆಯದನ್ನು ನುಂಗಲಾಗಲಿಲ್ಲ. ಅಮ್ಮ ಹೋದ ಮೇಲೆ ನಾನು ಊಟಕ್ಕೆ ಕೂತಾಗಲೆಲ್ಲ ಶೇಖರಣ್ಣನ ಜೊತೆ ಮಾತಾಡುತ್ತೇನೆ. ಇವತ್ತು ಬಂಗುಡೆ ಮೀನು ಹಾಳು, ಕೆಳಗಿನ ಮನೆಯವರ ನಾಯಿ ಮತ್ತೆ ಮೆಟ್ಟಿಲಲ್ಲಿ ಮಲಗಿತ್ತು, ಅಂಥವೇ ಮಾತು. ಹುಚ್ಚು ಎನ್ನಬೇಡಿ. ಟಿವಿಯ ಜೊತೆ ಮಾತಾಡುವವರು ನಿಮ್ಮ ಮನೆಯಲ್ಲೂ ಇದ್ದಾರೆ. ಅಣ್ಣನನ್ನು ಕರೆತಂದರೆ ಪ್ರದೀಪನ ಬದುಕು ದಾರಿಗೆ ಬರುತ್ತದೆ, ನನಗೆ ಊಟದ ಹೊತ್ತಿಗೆ ಯಾರೂ ಇಲ್ಲದ ಹಾಗಾಗುತ್ತದೆ. ಕರೆಯಲು ಒಪ್ಪಿ ಹೊರಟವಳಿಗೆ ಕರೆಯುವ ಮನಸ್ಸು ಇರಲಿಲ್ಲ. ಇದನ್ನು ನಾನು ಯಾರಿಗೂ ಹೇಳಲಿಲ್ಲ.

ಹೊರಡುವ ಹಿಂದಿನ ದಿನ ಶ್ವೇತಾ ಫೋನಿನಲ್ಲಿ ಕಿರುಚಿದಳು: "ಚಿಕ್ಕಮ್ಮಾ, ಗಸಗಸೆ ತರ್ಬೇಡಿ ಮಾರಾಯ್ರೆ! ಇಲ್ಲಿ ಅದು ಅಫೀಮಿನ ಲೆಕ್ಕ, ಜೈಲಿಗೆ ಹಾಕ್ತಾರೆ." ಪಾಯಸಕ್ಕೆಂದು ಕಟ್ಟಿಟ್ಟಿದ್ದ ಪೊಟ್ಟಣ ತೆಗೆದೆ. ಒಂದೆರಡು ಕಾಳು ಚೀಲದ ಮೂಲೆಯಲ್ಲಿ ಉಳಿದಿರಬಹುದೆಂದು ಹೆದರಿ ಚೀಲವನ್ನೇ ಬದಲಾಯಿಸಿದೆ. ದೆವ್ವವನ್ನು ತರಲು ಹೊರಟವಳಿಗೆ ಗಸಗಸೆಯ ಭಯ.

ಕರಾಮ

ಶ್ವೇತಾಳ ಮನೆ ಕರಾಮದಲ್ಲಿ. ದುಬೈ ಎಂದರೆ ಗಾಜಿನ ಗೋಪುರ ಎಂದುಕೊಂಡು ಹೋದವಳಿಗೆ ಇಲ್ಲಿ ಮಂಗಳೂರಿನ ಹಂಪನಕಟ್ಟೆಯ ಹಿಂದಿನ ಓಣಿಯೇ ಸಿಕ್ಕಿತು. ಮೂರು ನಾಲ್ಕು ಮಹಡಿಯ ಹಳೆ ಕಟ್ಟಡಗಳು, ಬಾಲ್ಕನಿಯಲ್ಲಿ ಒಣಗುವ ಲುಂಗಿ, ಕೆಳಗೆ ದೋಸೆಯ ವಾಸನೆ. ಪಕ್ಕದ ಬಾಲ್ಕನಿಯಲ್ಲಿ ಯಾರೋ ತುಳುವಿನಲ್ಲಿ ಗಂಡನಿಗೆ ಬೈಯುತ್ತಿದ್ದರು. ಕೇಳಿ ಮನಸ್ಸು ತಣ್ಣಗಾಯಿತು.

ಬೆಳಿಗ್ಗೆ ಏಳುವಷ್ಟರಲ್ಲಿ ಶ್ವೇತಾ, ಅವಳ ಗಂಡ ಅವಿನಾಶ್, ಮಗಳು ಆನ್ಯಾ ಮೂವರೂ ಹೊರಟಾಗಿರುತ್ತಿತ್ತು. ಸಂಜೆಯವರೆಗೆ ನಾನು ಮತ್ತು ಏಸಿಯ ಗುರುಗುರು ಸದ್ದು. ಊರಿನಲ್ಲಿ ಒಬ್ಬಳೇ ಇರುವುದು ಅಭ್ಯಾಸವಿದೆ, ಆದರೆ ಅಲ್ಲಿ ಮೀನಿನವಳು ಕೂಗುತ್ತಾಳೆ, ಕೆಳಗಿನ ಮನೆಯವರು ಸಾರು ಕೊಟ್ಟು ಕಳಿಸುತ್ತಾರೆ, ಬೀದಿಯಲ್ಲಿ ಸಿಕ್ಕವರೆಲ್ಲ "ಊಟ ಆಯ್ತಾ?" ಎನ್ನುತ್ತಾರೆ. ಇಲ್ಲಿ ಲಿಫ್ಟಿನೊಳಗೆ ಹತ್ತು ಜನ ನಿಂತರೂ ಎಲ್ಲರೂ ಬಾಗಿಲ ಮೇಲಿನ ಅಂಕೆಯನ್ನು ನೋಡುತ್ತಿರುತ್ತಾರೆ.

ಒಂದು ಮಧ್ಯಾಹ್ನ ತಡೆಯಲಾಗದೆ ಲಿಫ್ಟಿನಲ್ಲಿದ್ದ ಫಿಲಿಪ್ಪೀನಿನ ಹುಡುಗಿಯನ್ನು "ಲಂಚ್ ಫಿನಿಶ್?" ಎಂದು ಕೇಳಿಬಿಟ್ಟೆ. ಅವಳು ನನ್ನ ಬಿಳಿ ಕೂದಲು, ಹವಾಯಿ ಚಪ್ಪಲಿ ಎರಡನ್ನೂ ನೋಡಿ, ಚೀಲ ತೆರೆದು, ಕಾಗದದಲ್ಲಿ ಸುತ್ತಿದ ಒಂದು ಬನ್ ತೆಗೆದು ನನ್ನ ಕೈಯಲ್ಲಿಟ್ಟಳು. ಹಸಿದ ಮುದುಕಿ ಬೇಡುತ್ತಿದ್ದಾಳೆ ಎಂದುಕೊಂಡಿರಬೇಕು. ಬೇಡವೆನ್ನುವಷ್ಟರಲ್ಲಿ ಅವಳ ಮಹಡಿ ಬಂತು. ಬನ್ನಿನೊಳಗೆ ತೆಂಗಿನ ಹೂರಣವಿತ್ತು, ಚೆನ್ನಾಗಿತ್ತು. ರಾತ್ರಿ ಹೇಳಿದಾಗ ಶ್ವೇತಾ ನಾಚಿಕೆಯಿಂದ ಮುಖ ಮುಚ್ಚಿಕೊಂಡಳು. ಆನ್ಯಾ ಮಾತ್ರ "ಅಜ್ಜಿ, ಯು ಆರ್ ಸೋ ಫನ್ನಿ" ಎಂದಳು. ಅವಳಿಗೆ ನಾನು ತುಳುವಿನಲ್ಲಿ ಏನು ಕೇಳಿದರೂ ಉತ್ತರ ಇಂಗ್ಲಿಷಿನಲ್ಲೇ ಬರುತ್ತದೆ.

ಸ್ಮಶಾನಕ್ಕೆ ಶ್ವೇತಾ ಬರುವ ಹಾಗಿರಲಿಲ್ಲ. "ಮಗು ಸಣ್ಣದು ಚಿಕ್ಕಮ್ಮ, ನಾನು ಅಂಥ ಜಾಗಕ್ಕೆ ಬರಬಾರ್ದು" ಎಂದಳು. ಆಮೇಲೆ ನನ್ನ ಕೈ ಹಿಡಿದುಕೊಂಡು, "ಪ್ರದೀಪ ಈಗ ಫೋನ್ ಸಹ ತೆಗೆಯುದಿಲ್ಲ. ಯಾರ ಮದುವೆಗೂ ಹೋಗುದಿಲ್ಲ. ನೀವು ಮಾಮನನ್ನು ಹೇಗಾದ್ರೂ ಕರ್ಕೊಂಡು ಬನ್ನಿ" ಎಂದು ಅತ್ತಳು. ಮದುವೆಮನೆಗೆ ಹೋಗದಿರುವುದು ಹೇಗಿರುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆಯಿತು ಎಂದೆ.

ಅಬುಧಾಬಿಯ ಹೊರಗೆ ಬನಿಯಾಸ್‌ನಲ್ಲಿರುವ ಆ ಸ್ಮಶಾನದ ಬಗ್ಗೆ ಮೊದಲು ಬಾಯಿಬಿಟ್ಟವನು ಕೆಳಗಿನ ಹೋಟೆಲಿನ ಸಪ್ಲೈಯರ್, ಕುಂದಾಪುರದವನು. "ಬನಿಯಾಸ್ ಬದಿಯ ಹಳೆ ಸ್ಮಶಾನವಾ? ಬ್ಯಾಡ ಅಮ್ಮ. ಅಲ್ಲ್ ಹೊತ್ತ್ ಕಂತುವತಿಗೆ ಮರಳ್ ಒಳಗಿಂದ ಲಾಂಚಿನ ಶಬ್ದ ಕೇಂತ್ ಅಂಬ್ರ್" ಎಂದ, ಹೊತ್ತು ಮುಳುಗುವಾಗ ಕೇಳುತ್ತದಂತೆ. ಸಮುದ್ರವೇ ಇಲ್ಲದ ಕಡೆ ಲಾಂಚ್ ಎಲ್ಲಿಂದ ಬರಬೇಕು ಎಂದು ಕೇಳಿದೆ. ಮೊದಲು ಬಂದು ಸತ್ತವರು ವಾಪಸು ಹೋಗಲು ಕಾಯುತ್ತಿದ್ದಾರಂತೆ, ಅದಕ್ಕೆ ಅವರಿಗೆ ಮಾತ್ರ ಲಾಂಚ್ ಬರುತ್ತದಂತೆ, ಆದರೆ ನಿಲ್ಲದೆ ಹೋಗಿಬಿಡುತ್ತದಂತೆ. ಹೇಳಿ ಮುಗಿಸಿ ಇನ್ನೊಂದು ಟೇಬಲ್ಲಿಗೆ ಮಸಾಲೆ ದೋಸೆ ಒಯ್ದ. ನನಗೆ ಅವತ್ತು ದೋಸೆ ಸೇರಲಿಲ್ಲ.

ಮುಸಫ್ಫಾ

ಅಬುಧಾಬಿಗೆ ಬಸ್ಸಿನಲ್ಲಿ ಹೋದೆ. ಮುಂದಿನ ಸೀಟುಗಳು ಹೆಂಗಸರಿಗೆ. ನನ್ನ ಪಕ್ಕದಲ್ಲಿ ಕೂತ ಆಫ್ರಿಕಾದ ಹೆಂಗಸು ಇಡೀ ದಾರಿ ಫೋನಿನಲ್ಲಿ ಯಾರ ಜೊತೆಗೋ ನಗುತ್ತ ಮಾತಾಡಿದಳು. ಹೊರಗೆ ಮರಳು, ಹೆದ್ದಾರಿಯ ಬದಿಗೆ ಖರ್ಜೂರದ ಮರಗಳು, ಪ್ರತಿ ಮರದ ಬುಡಕ್ಕೂ ಒಂದೊಂದು ನೀರಿನ ಪೈಪು. ನಮ್ಮಲ್ಲಿ ಗಿಡ ಬೇಡವೆಂದರೂ ಗೋಡೆ ಒಡೆದು ಬರುತ್ತದೆ. ಇಲ್ಲಿ ಒಂದು ದಿನ ಪೈಪು ನಿಂತರೆ ಎಲ್ಲವೂ ಮುಗಿಯಿತು. ಇಲ್ಲಿಗೆ ಇಪ್ಪತ್ತೆರಡರ ಹುಡುಗ ಯಾವ ಧೈರ್ಯದಲ್ಲಿ ಬಂದನೋ ಎಂದು ಅಣ್ಣನ ಮೇಲೆ ಸಿಟ್ಟೂ ಬಂತು, ಹೆಮ್ಮೆಯೂ ಆಯಿತು.

ಬಸ್ ನಿಲ್ದಾಣಕ್ಕೆ ಇಸ್ಮಾಯಿಲ್ ಸಾಹೇಬರು ಬಂದಿದ್ದರು. ಭಟ್ಕಳದವರು, ನವಾಯತರು. ನಾನು ಭಟ್ಕಳದ ಅಂಚೆ ಕಚೇರಿಯಲ್ಲಿದ್ದಾಗ ಅವರ ಅಕ್ಕನ ಮನೆಯಲ್ಲಿ ಬಾಡಿಗೆಗಿದ್ದೆ. ಈಗ ಎಪ್ಪತ್ತು ದಾಟಿದ್ದಾರೆ, ಅಬುಧಾಬಿಯ ಕಾರ್ಖಾನೆ ಪ್ರದೇಶ ಮುಸಫ್ಫಾದಲ್ಲಿ ನಟ್ಟು ಬೋಲ್ಟಿನ ಅಂಗಡಿ. ಮಕ್ಕಳು ನೋಡಿಕೊಳ್ಳುತ್ತಾರೆ, ಇವರು ಕೂತು ಚಹಾ ಕುಡಿಯುತ್ತಾರೆ. ನನ್ನನ್ನು ಇನ್ನೂ "ಪೋಸ್ಟ್ ಅಕ್ಕ" ಎಂದೇ ಕರೆಯುತ್ತಾರೆ.

ಅಂಗಡಿಯಲ್ಲಿ ಕೂರಿಸಿ ಗಟ್ಟಿ ಚಹಾ ತರಿಸಿದರು. ಸುತ್ತ ಬೆಸುಗೆಯ ಕಿಡಿ, ಕಬ್ಬಿಣ ಕೊಯ್ಯುವ ಸದ್ದು, ಕಂಪನಿ ಬಸ್ಸುಗಳಿಂದ ಇಳಿಯುವ ನೀಲಿ ಬಟ್ಟೆಯ ಜನ. ನಾನು ಮದುವೆಯ ವಿಷಯವನ್ನೆಲ್ಲ ಹೇಳಿದೆ. ಸಾಹೇಬರು ಗಡ್ಡ ಸವರಿಕೊಂಡು ಕೇಳಿದರು.

"ನಮ್ಮಲ್ಲಿ ಇದೆಲ್ಲ ಇಲ್ಲ ಪೋಸ್ಟ್ ಅಕ್ಕ. ಸತ್ತವರು ಅಲ್ಲಾಹನ ಹತ್ರ. ಆದ್ರೆ ಅಬ್ಬಾ ಹೇಳ್ತಿದ್ರು, ಆ ಕಾಲದಲ್ಲಿ ನಮ್ಮ ಕಡೆಯವ ಯಾವನಾದ್ರೂ ತೀರಿಕೊಂಡ್ರೆ ಜಾತಿ ಕೇಳ್ತಿರ್ಲಿಲ್ಲ. ಅಬ್ಬಾರದ್ದು ಬಟ್ಟೆ ಅಂಗಡಿ. ಬಿಳಿ ಬಟ್ಟೆ ಅವರೇ ಕೊಡುದು. ಊರಿಗೆ ಕಳಿಸ್ಲಿಕ್ಕೆ ದಾರಿ ಇಲ್ಲ, ಮರಳಲ್ಲಿ ಇಡುದು, ಬರುದು. ಅಷ್ಟೆ."

"ನಮ್ಮ ಶೇಖರಣ್ಣನ ವಿಷಯ ಏನಾದರೂ ಹೇಳುತ್ತಿದ್ದರಾ?"

"ಹೆಸ್ರು ಹೇಳ್ತಿರ್ಲಿಲ್ಲ. ನಾನು ಸುಳ್ಳು ಹೇಳುದಿಲ್ಲ ಅಕ್ಕ."

ಅಷ್ಟರಲ್ಲಿ ಬಾಗಿಲಲ್ಲಿ ನಿಂತು ಸಾಮಾನು ಕಟ್ಟಿಸಿಕೊಳ್ಳುತ್ತಿದ್ದ ಒಬ್ಬ ವೆಲ್ಡರ್ ಒಳಗೆ ಬಂದ. ಗದಗ ಕಡೆಯ ಬಸವರಾಜ, ನಲವತ್ತರ ಆಸುಪಾಸಿನವನು. ಕನ್ನಡ ಕೇಳಿ ನಿಂತಿದ್ದನಂತೆ.

"ಅವ್ವಾರ, ನೀವು ಆ ಹಳೇ ಸ್ಮಶಾನಕ್ಕ ಹೊಂಟೀರೇನ್ರಿ? ಅಲ್ಲಿ ಉಣ್ಣೂದು ಕೇಳೂ ದೆವ್ವ ಐತ್ರಿ."

ಸಾಹೇಬರು ನಕ್ಕರು. "ಖಲಾಸ್, ಶುರು ಮಾಡಿದ."

ಬಸವರಾಜ ಬಿಡಲಿಲ್ಲ. ಒಂದು ಸಂಜೆ ಅವನಿಗೆ ಕಂಪನಿ ಬಸ್ಸು ತಪ್ಪಿತ್ತಂತೆ. ಸ್ಮಶಾನದ ಗೋಡೆಯ ಪಕ್ಕದ ಅಡ್ಡದಾರಿಯಲ್ಲಿ ನಡೆದು ಹೊರಟಿದ್ದನಂತೆ. "ಹಿಂದಿಂದ ಯಾರೋ ಕೇಳಿದ್ರು ನೋಡ್ರಿ, 'ಉಂಡಿಯೇನಪಾ ತಮ್ಮಾ?' ಅಂತ. ನಮ್ಮ ಗದಗಿನ ಮಾತ್ರೀ! ತಿರುಗಿ ನೋಡಿದ್ರ ಯಾರೂ ಇಲ್ಲ."

"ಆಮೇಲೆ?"

"'ಉಂಡೇನ್ರಿ' ಅಂದೆ, ಓಡಿದೆ."

"ಉಂಡಿದ್ದಿರಾ?"

"ಎಲ್ಲೀದ್ರಿ! ಉಂಡಿಲ್ಲ ಅಂದ್ರ ಬೆನ್ನ ಹತ್ತತೈತಂತ. ಕ್ಯಾಂಪಿಗೆ ಬಂದು ತಾಟಿನ ಮುಂದ ಕುಂದರತೈತಂತ. ಅದಕ್ಕ ಎಲ್ಲಾರೂ ಉಂಡೇನಿ ಅಂತಾರ, ಓಡತಾರ."

ಸಾಹೇಬರು ಉಳಿದದ್ದನ್ನು ಸೇರಿಸಿದರು. ಈ ಕಥೆ ಮುಸಫ್ಫಾದಲ್ಲಿ ಕೆಲಸಗಾರರು ಇರುವ ಎಲ್ಲ ಕ್ಯಾಂಪುಗಳಲ್ಲೂ ಇದೆ. ಮಲಯಾಳಿಗೆ ಅದು ಮಲಯಾಳದಲ್ಲಿ ಕೇಳುತ್ತದೆ, ಪಠಾಣನಿಗೆ ಪಷ್ತೋದಲ್ಲಿ, ನೇಪಾಳದವನಿಗೆ ನೇಪಾಳಿಯಲ್ಲಿ. ಕೇಳುವುದು ಮಾತ್ರ ಒಂದೇ ಪ್ರಶ್ನೆ. ಯಾರಿಗೂ ಹೊಡೆದಿಲ್ಲ, ರಕ್ತ ಕಾರಿಸಿಲ್ಲ. "ಅದೆಲ್ಲ ಗಾಳಿ ಅಕ್ಕ" ಎಂದರು ಸಾಹೇಬರು. "ಹಸಿದ ಹೊಟ್ಟೆಗೆ ಹಾಗೆ ಕೇಳ್ತದೆ."

ಬಸವರಾಜ ಸಾಮಾನು ಹೆಗಲಿಗೇರಿಸಿದ. ಹೋಗುವಾಗ ನನಗೊಬ್ಬಳಿಗೇ ಕೇಳುವಂತೆ ಹೇಳಿದ: "ನಮ್ಮವ್ವ ಹ್ವಾದ ಮ್ಯಾಲ ನನ್ನ ಹಂಗ ಯಾರೂ ಕೇಳಿದ್ದಿಲ್ರಿ. ಮತ್ತೊಂದ್ಸಲ ಬೇಕಂತನ ಆ ದಾರೀಲೆ ಹ್ವಾದ್ನಿ. ಕೇಳ್ಲಿಲ್ರಿ."

ನಾನು ಚಹಾದ ಲೋಟವನ್ನು ಕೆಳಗಿಟ್ಟೆ. ಶೇಖರಣ್ಣ ಮುಂಬೈಗೆ ಹೋಗುವ ಮೊದಲು ಮೂಲ್ಕಿಯ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದ. ಸಂಜೆ ಬಂದವನು ಚಪ್ಪಲಿ ಕಳಚುವ ಮೊದಲೇ ಅಂಗಳದಿಂದ ಕೂಗುತ್ತಿದ್ದ: "ಒಣಸ್ ಆಂಡಾ?" ಊಟ ಆಯಿತಾ ಎಂದು. ಮನೆಯಲ್ಲಿ ಎಷ್ಟೋ ದಿನ ಆಗಿರುತ್ತಿರಲಿಲ್ಲ, ಅದು ಅವನಿಗೂ ಗೊತ್ತಿತ್ತು. ಹೋಟೆಲಿನಿಂದ ತಂದ ಬಾಳೆಎಲೆಯ ಪೊಟ್ಟಣ ಬೆನ್ನ ಹಿಂದೆ ಇರುತ್ತಿತ್ತು. ಕರಾವಳಿಯಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಅದು, ಅವನ ಸ್ವಂತದ್ದೇನೂ ಅಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ಎದೆ ಕೇಳಲಿಲ್ಲ. ಅವನೇ ಎಂದು ತೀರ್ಮಾನಿಸಿಬಿಟ್ಟೆ. ಅವನು ನನ್ನನ್ನೂ ಕೇಳುತ್ತಾನೆ ಎಂದುಕೊಂಡೆ. ಬೇಕೆಂದೇ ಮಧ್ಯಾಹ್ನದ ಊಟ ಮಾಡಲಿಲ್ಲ. ಸಾಹೇಬರ ಸೊಸೆ ಕಳಿಸಿದ ಬಿರಿಯಾನಿಯನ್ನು ಹೊಟ್ಟೆ ಸರಿಯಿಲ್ಲವೆಂದು ತಿರುಗಿಸಿದೆ. ಆಗಿಲ್ಲ ಎಂದು ಅವನಿಗೆ ನಿಜ ಹೇಳುವ ಆಸೆ.

ಬನಿಯಾಸ್

ಸ್ಮಶಾನ ಊರಿನಾಚೆ, ವಿದ್ಯುತ್ ಕಂಬಗಳ ಸಾಲಿನ ಕೆಳಗಿದೆ. ಎದೆಮಟ್ಟದ ಗೋಡೆ, ಕಬ್ಬಿಣದ ಗೇಟು, ಒಂದು ಕಾವಲು ಕೋಣೆ. ಬಿಸಿಲು ಇಳಿಯಲು ಇನ್ನೂ ಹೊತ್ತಿತ್ತು. ಕಾವಲಿನ ನೇಪಾಳಿ ಹಿಂದಿಯಲ್ಲಿ ದೀಪ ಹಚ್ಚಬೇಡಿ, ಫೋಟೊ ತೆಗೆಯಬೇಡಿ ಎಂದು ಹೇಳಿ ಗೇಟು ತೆಗೆದ. ಸಾಹೇಬರು ಒಳಗೆ ಬರಲಿಲ್ಲ. "ನಿಮ್ಮ ಮನೆಯ ಮಾತು ಅಕ್ಕ, ನೀವೇ ಮಾತಾಡಿ" ಎಂದು ಕಾರಿನ ಹತ್ತಿರ ನಿಂತರು.

ಮುಂದಿನ ಸಾಲುಗಳು ಅಚ್ಚುಕಟ್ಟಾಗಿದ್ದವು. ಎಣ್ಣೆ ತೆಗೆಯಲು ಬಂದ ಬಿಳಿಯ ಇಂಜಿನಿಯರುಗಳಿಗೆ ಕಲ್ಲಿನ ಶಿಲುಬೆ, ಕೊರೆದ ಹೆಸರು, ಯಾರೋ ಇಟ್ಟ ಪ್ಲಾಸ್ಟಿಕ್ ಹೂವು. ಹಿಂದೆ ಹಿಂದೆ ಹೋದಂತೆ ಹೆಸರುಗಳು ಕಡಿಮೆಯಾದವು. ಸಿಮೆಂಟಿನ ತುಂಡು, ತುಕ್ಕು ಹಿಡಿದ ತಗಡು, ಕೊನೆಗೆ ಬರೀ ದಿಬ್ಬ, ತಲೆಯ ಕಡೆ ಒಂದು ಒರಟು ಕಲ್ಲು. ಕೆಲವು ದಿಬ್ಬಗಳು ಗಾಳಿಗೆ ಸಪಾಟಾಗಿ, ಎಲ್ಲಿ ದಾರಿ, ಎಲ್ಲಿ ಮನುಷ್ಯ ಎಂದು ತಿಳಿಯುತ್ತಿರಲಿಲ್ಲ. ಯಾರನ್ನಾದರೂ ತುಳಿದೆನೋ ಎಂದು ಪ್ರತಿ ಹೆಜ್ಜೆಗೂ ಹೆದರಿದೆ. ಹತ್ತಿರ ಹೋದರೆ ಇದೇ ಎಂದು ಮನಸ್ಸಿಗೆ ಗೊತ್ತಾಗುತ್ತದೆ ಎಂದುಕೊಂಡಿದ್ದೆ. ಏನೂ ಗೊತ್ತಾಗಲಿಲ್ಲ.

ಕೊನೆಗೆ ಸಾಲುಗಳ ನಡುವೆ ಒಂದು ಕಡೆ ನಿಂತು "ಶೇಖರಣ್ಣಾ" ಎಂದೆ. ದನಿ ಹೊರಡಲಿಲ್ಲ. ಎರಡನೆಯ ಸಲ ಸ್ವಲ್ಪ ಗಟ್ಟಿಯಾಗಿ ಕರೆದೆ. ಮೂರನೆಯದನ್ನು ಕರೆಯಲಿಲ್ಲ. ಮೂರನೆಯದಾದರೆ ಕರೆದ ಹಾಗೆ. ಮೊದಲು ಅವನು ಕೇಳಲಿ ಎಂದು ಕಾದೆ.

ಹೆದ್ದಾರಿಯಲ್ಲಿ ಲಾರಿಗಳು ಹೋಗುತ್ತಿದ್ದವು. ತಂತಿಗಳು ಸಣ್ಣಗೆ ಗುಂಯ್‌ಗುಡುತ್ತಿದ್ದವು. ಒಂದು ಬಡಕಲು ಬೆಕ್ಕು ಬಿಳಿಯರ ಕಲ್ಲಿನ ನೆರಳಿನಲ್ಲಿ ಮಲಗಿತ್ತು. ಲಾಂಚಿನ ಸದ್ದಿಲ್ಲ, ಬೆನ್ನ ಹಿಂದೆ ಯಾರೂ ಇಲ್ಲ. ಹಸಿವಿನಿಂದ ತಲೆ ತಿರುಗುತ್ತಿತ್ತು. ಊರವರನ್ನೆಲ್ಲ, ಪಠಾಣನನ್ನೂ ನೇಪಾಳಿಯನ್ನೂ ಕೇಳಿದವನು ನನ್ನನ್ನು ಕೇಳಲಿಲ್ಲ. ಎಳೆಯ ಹುಡುಗಿಯ ಹಾಗೆ ಕೋಪ ಬಂತು. ಇಷ್ಟು ದೂರ ಬಂದ ತಂಗಿಯನ್ನು ಕೇಳಬಾರದೇ? ಅಲ್ಲೇ ಮರಳಿನಲ್ಲಿ ಕೂತುಬಿಟ್ಟೆ, ಕೂತು ಅತ್ತೆ.

ಅಳು ಮುಗಿದ ಮೇಲೆ ಬುದ್ಧಿ ಓಡಿತು. ನಮ್ಮ ಕಡೆ ಯಾರಾದರೂ "ಊಟ ಆಯ್ತಾ?" ಎಂದರೆ "ಆಯ್ತು" ಎಂದಷ್ಟೇ ಹೇಳಿ ಹೋಗುವವರಿಲ್ಲ. "ಆಯ್ತು, ನಿಮ್ದು?" ಎನ್ನಲೇಬೇಕು. ಹಾಗೆ ತಿರುಗಿ ಕೇಳದವನನ್ನು ಸೊಕ್ಕಿನವನು ಎನ್ನುತ್ತಾರೆ, ಅವನ ಅಪ್ಪ ಅಮ್ಮನ ಹೆಸರನ್ನೂ ಎಳೆಯುತ್ತಾರೆ. ಈ ಗೋಡೆಯ ಪಕ್ಕ ಹಾದುಹೋದ ಇಷ್ಟೊಂದು ಜನ ಉಂಡೆ ಎಂದು ಸುಳ್ಳು ಹೇಳಿ ಓಡಿದರು. ಒಬ್ಬನಾದರೂ ನಿಂತು ತಿರುಗಿ ಕೇಳಿದ್ದಾನೆಯೇ? ನಾನಾದರೂ ಮೂಲ್ಕಿಯ ಮಹಡಿಯಲ್ಲಿ ಇಷ್ಟು ವರ್ಷ ನನ್ನ ಬಂಗುಡೆ, ನನ್ನ ಮೊಣಕಾಲು, ಕೆಳಗಿನ ಮನೆಯ ನಾಯಿಯ ರಗಳೆ ಹೇಳಿದ್ದೇ ಹೇಳಿದ್ದು.

"ಅಣ್ಣಾ, ನಿನ್ನದು ಒಣಸ್ ಆಂಡಾ?" ಎಂದು ಕೇಳಿದೆ.

ಉತ್ತರ ಬಂತು ಎಂದು ಬರೆದರೆ ಈ ಪ್ರವಾಸದ ಕಥೆಗೆ ಕಳೆ ಬರುತ್ತಿತ್ತು. ಬರಲಿಲ್ಲ. ಆದರೆ ಕೇಳಿದ ಮೇಲೆ ನನಗೆ ಅವನ ವಯಸ್ಸು ನೆನಪಾಯಿತು. ನನ್ನ ತಲೆಯಲ್ಲಿ ಅವನು ಯಾವಾಗಲೂ ದೊಡ್ಡವನು, ನಾನು ಹೇಳಿದ್ದನ್ನು ಕೇಳಿಸಿಕೊಳ್ಳುವವನು. ಇಲ್ಲಿ ಮರಳಿನಲ್ಲಿ ಮಲಗಿರುವವನು ಪ್ರದೀಪನಿಗಿಂತ ಚಿಕ್ಕವನು. ಇಪ್ಪತ್ತೈದರ ಹುಡುಗ, ಯಾರದೋ ಅಂಗಡಿಯ ಬಿಳಿ ಬಟ್ಟೆ, ಸುತ್ತ ಒಬ್ಬರ ಮಾತೂ ಒಬ್ಬರಿಗೆ ಅರ್ಥವಾಗದ ಜನ. ಅವನಿಗೂ ಯಾರಾದರೂ ಬಡಿಸಬೇಡವೇ? ಅದನ್ನು ಬಿಟ್ಟು ನನ್ನ ಊಟದ ಎದುರು ಅವನನ್ನು ಎಷ್ಟು ಕಾಲ ಕೂರಿಸಿಕೊಳ್ಳಲಿ?

ಆಮೇಲೆ ಎಲ್ಲವನ್ನೂ ಹೇಳಿದೆ. ತುಳುವಿನಲ್ಲೇ ಹೇಳಿದೆ. "ನಿನಗೆ ಹೆಣ್ಣು ನೋಡಿದ್ದಾರೆ. ಕಿನ್ನಿಗೋಳಿಯವಳು. ಒಳ್ಳೆಯ ಮನೆ. ನೀನು ಗಲ್ಫಿನವನು ಎಂದು ಅವರಿಗೆ ಕೊಂಬು ಬಂದಿದೆ, ಕೆಲಸ ಎಂಥದ್ದು ಎಂದು ಕೇಳಲಿಲ್ಲ, ಹೇಳಬೇಡ. ಆಟಿಯಲ್ಲಿ ಮದುವೆ. ಪಾಯಸ ಇರುತ್ತದೆ, ಗಸಗಸೆಯದ್ದೇ ಮಾಡಿಸುತ್ತೇನೆ. ನಾನು ಒಳಗೆ ಬರುವ ಹಾಗಿಲ್ಲ, ಹುಡುಕಬೇಡ. ಹೊರಗೆ ಇರುತ್ತೇನೆ. ಮದುವೆಯಾದ ಮೇಲೆ ಅಣ್ಣಂದಿರು ತಂಗಿಯರಿಗೆ ಎಷ್ಟು ಸಿಗುತ್ತಾರೆ ಎಂದು ನನಗೆ ಗೊತ್ತಿದೆ, ಬದುಕಿರುವ ಅಣ್ಣಂದಿರದ್ದೂ ನೋಡಿದ್ದೇನೆ."

ಎದ್ದು ಸೀರೆಗೆ ಹತ್ತಿದ ಮರಳನ್ನು ಕೊಡವಿಕೊಂಡೆ. ಮೂರನೆಯ ಸಲ ಕರೆದೆ. ಈ ಸಲ ದನಿ ಸರಿಯಾಗಿ ಹೊರಟಿತು. ಬೆಕ್ಕು ತಲೆ ಎತ್ತಿ ನೋಡಿತು.

ಗೇಟಿನಿಂದ ಹೊರಗೆ

ಹಿಂತಿರುಗಿ ನೋಡದೆ ನಡೆಯುವುದು ಹೇಳಿದಷ್ಟು ಸುಲಭವಲ್ಲ. ಕತ್ತು ತಾನಾಗಿಯೇ ತಿರುಗಲು ನೋಡುತ್ತದೆ. ಸೆರಗನ್ನು ಎರಡು ಕೈಯಲ್ಲೂ ಹಿಡಿದುಕೊಂಡು, ದಾರಿ ಹಿಡಿದ ಎತ್ತಿನ ಹಾಗೆ ನೇರ ನಡೆದೆ. ಹೆಸರಿಲ್ಲದವರನ್ನು ದಾಟಿ, ಹೆಸರಿದ್ದವರನ್ನು ದಾಟಿ ಗೇಟಿಗೆ ಬಂದೆ. ಕಾವಲಿನವನು ನನ್ನ ಮುಖ ನೋಡಿ ಒಂದು ಬಾಟಲಿ ನೀರು ಕೊಟ್ಟ.

ಸಾಹೇಬರು ಕಾರಿನ ಹಿಂದಿನ ಬಾಗಿಲು ತೆಗೆದರು, ನಾನು ಹತ್ತಿ ಕೂತೆ. ಅವರು ಆ ಬಾಗಿಲು ಹಾಕಿ ಮುಂದೆ ಹೋಗುತ್ತಾರೆ ಎಂದುಕೊಂಡೆ. ಹಾಕಿದರು, ಮುಂದೆ ಹೋಗಲಿಲ್ಲ. ಕಾರಿನ ಹಿಂದಿನಿಂದ ಸುತ್ತಿಕೊಂಡು ಆಚೆ ಬದಿಗೆ ಬಂದರು. ಆ ಬಾಗಿಲನ್ನೂ ತೆಗೆದರು, ತೆಗೆದು ಹಿಡಿದುಕೊಂಡು ಸ್ಮಶಾನದ ಕಡೆ ಮುಖ ಮಾಡಿ ನಿಂತರು. ದೊಡ್ಡವರು ಬರುವಾಗ ನಿಲ್ಲುವ ಹಾಗೆ ಕತ್ತು ತುಸು ಬಗ್ಗಿಸಿದ್ದರು. ಸತ್ತವರು ಅಲ್ಲಾಹನ ಹತ್ತಿರ ಎಂದವರು ಇವರೇ. ಬಿಸಿ ಗಾಳಿ ಒಳಗೆ ನುಗ್ಗಿ ಸೀಟಿನ ಮೇಲೆಲ್ಲ ಮರಳು ಬಿತ್ತು. ಆಗಲೂ ಹಾಕಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ನನ್ನ ಕಡೆ ಬಗ್ಗಿ, ಮೆಲ್ಲಗೆ ಕೇಳಿದರು: "ಹಾಕ್ಲಾ ಪೋಸ್ಟ್ ಅಕ್ಕ?"

ಬರಲಿಲ್ಲ ಎಂದು ಈಗಲೂ ಹೇಳಬಹುದಿತ್ತು. ಕರೆದೆ, ಒಪ್ಪಲಿಲ್ಲ ಎಂದರೆ ಶ್ವೇತಾ ಅಳುತ್ತಾಳೆ, ಗುರಿಕಾರರು ಬೇರೆ ದಾರಿ ನೋಡುತ್ತಾರೆ, ನನ್ನನ್ನು ಬೈಯುವವರು ಯಾರೂ ಇಲ್ಲ. ಮೂಲ್ಕಿಗೆ ಹೋಗಿ ತಟ್ಟೆ ಇಟ್ಟುಕೊಂಡು ಮತ್ತೆ ಮಾತು ಶುರುಮಾಡಬಹುದು. ಸಾಹೇಬರು ಬಾಗಿಲು ಹಿಡಿದುಕೊಂಡೇ ಕಾದರು.

ನಾನು ಜಾಗ ಬಿಟ್ಟು ಸೀಟಿನ ನನ್ನ ಬದಿಯ ತುದಿಗೆ ಸರಿದು ಕೂತೆ. ಸೆರಗನ್ನು ನನ್ನ ಕಡೆಗೆ ಎಳೆದುಕೊಂಡೆ.

"ಹಾಕಿ" ಎಂದೆ.

ಸಾಹೇಬರು ಬಾಗಿಲನ್ನು ಬಡಿಯಲಿಲ್ಲ. ಯಾರದೋ ಪಂಚೆಯ ಅಂಚು ಸಿಕ್ಕಿಹಾಕಿಕೊಳ್ಳಬಾರದು ಎನ್ನುವ ಹಾಗೆ ಕೆಳಗೆ ಒಮ್ಮೆ ನೋಡಿ, ಎರಡು ಕೈಯಿಂದ ಒತ್ತಿ ಹಾಕಿದರು.